ನೀಲಗಾರರ ಕಾಲಜ್ಞಾನ

ಲೋಕಾಂತ್ಯವನ್ನು ಹಾಡಿಗೆ ಹಚ್ಚುವ ಅಭಿಲಾಷೆ ಒಂದೇ ದೇಶದ ಸೊತ್ತಲ್ಲ. 1972ರಲ್ಲಿ ‘ಆಫ್ರೊಡೈಟೀಸ್ ಚೈಲ್ಡ್’ ಎಂಬ ಗ್ರೀಸ್ ದೇಶೀಯರ ರಾಕ್ ಮೇಳವು ಬೈಬಲಿನ ಪ್ರಕಟನೆ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ‘666’ ಎಂಬ ಜೋಡಿ ಧ್ವನಿಮುದ್ರಿಕೆಯನ್ನು ಹೊರತಂದಿತು. ಹಾಡುಗಳು ಬಿಡಿಬಿಡಿ, ಸೂತ್ರ ಒಂದೇ. ಹಿಂದೆ ಎಡತೊರೆ ಎನಿಸಿಕೊಂಡಿದ್ದ ನಮ್ಮ ಕೃಷ್ಣರಾಜನಗರ ಸೀಮೆಯವರಿಗೆ ಈ ಪರಿ ಅಪೂರ್ವವೆನಿಸಲಾರದು. ಕಾವೇರೀತೀರದ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆಯುಂಟು. ಶಿವರಾತ್ರಿಯ ಹೊತ್ತಿಗೆ ಮೊದಲಾಗುವ ಜಾತ್ರೆ ಬಹುದಿನ ನಡೆಯುವುದು. ರಾಚಪ್ಪಾಜಿಯ ಗುರು ಮಂಟೇಸ್ವಾಮಿಯ ಕಥೆಯನ್ನು ಅವರ ಒಕ್ಕಲಾದ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ರಾತ್ರಿಯೆಲ್ಲ ಸಾಲುಸಾಲಾಗಿ ಹಾಡುವರು. ಆ ಸಾಲುಗಳಲ್ಲಿ ಕಾಲಜ್ಞಾನದ ಮಾತು ಹೆಣೆದುಕೊಂಡಿದೆ.

ಓದುಬಲ್ಲವರ ಮನೆಗಳಲ್ಲಿ ಕಾಲಜ್ಞಾನವೆಂದರೆ ಕಣಿ ಹೇಳುವವರ ಮಾತೆಂಬ ತಾತ್ಸಾರವಿದೆ. ಪ್ರಳಯದ ವಿಚಾರಕ್ಕೆ ನಾವು ಭಾಗವತದ ದ್ವಾದಶ ಸ್ಕಂಧಕ್ಕೆ ಹೋಗತಕ್ಕವರು. ಅಲ್ಲಿ ನಿತ್ಯ, ನೈಮಿತ್ತಿಕ, ಪ್ರಾಕೃತಿಕ, ಆತ್ಯಂತಿಕವೆಂದು ಪ್ರಳಯವು ಚತುರ್ವಿಧ. ಕಲಿಯುಗದ ಪ್ರಮಾಣ 4,32,000 ವರ್ಷ. ಸಂದಿರುವುದು 5,100ಕ್ಕೆ ತುಸು ಮೇಲೆ. ಆದುದರಿಂದ ಪಂಡಿತನು ಪಂಚಾಂಗವನ್ನು ಮಡಿಸಿಟ್ಟು ನಿಶ್ಚಿಂತೆಯಿಂದ ಮಲಗಬಹುದು. ತಂಬೂರಿ ಹಿಡಿದವನಿಗೆ ಅಷ್ಟು ವ್ಯವಧಾನವೆಲ್ಲಿಯದು?

ಅವನ ಆತುರಕ್ಕೆ ಚರಿತ್ರೆಯಲ್ಲಿ ಕಾರಣವುಂಟು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣಸಮೂಹ ಚದುರಿತು. 1565ರಲ್ಲಿ ರಕ್ಕಸತಂಗಡಿಯ ಯುದ್ಧದ ತರುವಾಯ ವಿಜಯನಗರ ಹಾಳುಬಿದ್ದಿತು. ಕನ್ನಡದ ಕಾಲಜ್ಞಾನ ಸಾಹಿತ್ಯದಲ್ಲಿ ಇಂಥ ಪತನಗಳ ನೆನಪು ಭವಿಷ್ಯದ ವೇಷ ತೊಟ್ಟಿದೆ. ವೀರಶೈವ ಕಾಲಜ್ಞಾನಗಳಲ್ಲಿ ವಸಂತರಾಯನೆಂಬ ಅರಸನು ಬಂದು ಕಲ್ಯಾಣವನ್ನು ಪುನಃ ಸ್ಥಾಪಿಸುವನೆಂಬ ನಿರೀಕ್ಷೆ ಕಾಣುವುದು. ಎಲ್ಲವೂ ಮುಗಿಯಿತೆಂದು ಕೈಕಟ್ಟಿ ಕುಳಿತವರ ಮಾತು ಇದಲ್ಲ.

ಮಂಟೇಸ್ವಾಮಿಯ ಕಾವ್ಯವು ಇನ್ನೊಂದು ಹೆಜ್ಜೆ ಮುಂದಿಟ್ಟಿದೆಯೆಂದು ನನ್ನ ಅಭಿಮತ. ಮಂಟೇಸ್ವಾಮಿಯು 15-16ನೆಯ ಶತಮಾನದವನೆಂದು ವಿದ್ವಾಂಸರು ಊಹಿಸುವರು. ಕಾವ್ಯವಾದರೋ ಅವನನ್ನು ಬಸವಣ್ಣನ ಬಾಗಿಲಿಗೇ ಕರೆತರುವುದು. ಕೊಡೇಕಲ್ಲಿನ ಬಸವಣ್ಣನ ಹೆಸರೇ ಇಲ್ಲಿ ಬೆರೆತಿರಬೇಕೆಂದು ಕೆಲವರ ವಾದ. ಅದಿರಲಿ. ಜಗತ್ತಿನ ಗುರು ಹೇಸಿಗೆಯ ರೂಪದಲ್ಲಿ ಕಲ್ಯಾಣಕ್ಕೆ ಬಂದನು; ವಿಭೂತಿ ಬಳಿದ ಜಂಗಮಸಮೂಹ ಮೂಗು ಮುಚ್ಚಿಕೊಂಡಿತು; ಗುರುತು ಹಿಡಿದವರು ಬಸವಣ್ಣ ನೀಲಮ್ಮರು ಮಾತ್ರ. ಶತ್ರುವಿನ ದಂಡು ಬಾರದೆಯೇ ಕಲ್ಯಾಣ ಒಳಗಿನಿಂದ ಕೆಟ್ಟಿತ್ತೆಂದು ಕಾವ್ಯದ ತೀರ್ಪು. ಗುರುವು ಅದನ್ನು ತೊರೆದು ನಮ್ಮ ದಕ್ಷಿಣದ ಸೀಮೆಗೆ ನಡೆಯುವನು. ಮುಂದೆ ಕಬ್ಬಿಣದ ಭಿಕ್ಷೆಯ ನೆವದಿಂದ ಪಾಂಚಾಳರ ಹುಡುಗ ಕೆಂಪಾಚಾರಿಯನ್ನು ಬೇಡಿ ಪಡೆದು ಸಿದ್ಧಪ್ಪಾಜಿಯನ್ನಾಗಿಸುವನು. ಮುಗಿಯತಕ್ಕದ್ದು ಯಾರ ಲೋಕ, ಉಳಿಯತಕ್ಕವರು ಯಾರು ಎಂಬುದಕ್ಕೆ ಪುರಾಣಗಳ ಗಣಿತದಲ್ಲಿ ಸಿಕ್ಕದ ಉತ್ತರ ಇಲ್ಲಿದೆ. ಹಾಡುವವರು ಬಹುಮಟ್ಟಿಗೆ ದಲಿತರೂ ಹಿಂದುಳಿದ ಕುಲಗಳವರೂ ಆಗಿರುವುದನ್ನು ಮರೆತರೆ ಆ ಉತ್ತರ ನಮ್ಮ ಕಿವಿಗೆ ಬೀಳದು.

ಜೀ. ಶಂ. ಪರಮಶಿವಯ್ಯನವರು ಈ ಕಾವ್ಯವನ್ನು ಸಂಗ್ರಹಿಸಿದರು; ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಪ್ರಕಟಿಸಿತು. ಗ್ರಂಥವನ್ನು ಓದಿದವರು ಒಂದು ಇರುಳಾದರೂ ಹಾಡನ್ನು ಕೇಳಬೇಕು. ಮುಖ್ಯ ಗಾಯಕನು ಸಾಲೊಂದನ್ನು ಎತ್ತಿ ನಿಲ್ಲಿಸಿದಾಗ ಹಿಮ್ಮೇಳದವರು ಅದನ್ನು ಹಿಡಿದು ಮುಂದಕ್ಕೊಯ್ಯುವ ಬಗೆ ಅಚ್ಚಿನಲ್ಲಿ ಕಾಣಿಸದು.