ಎಲೈಜಾ ಕಲಿಸಿದ ಪಾಠ

2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಬಂದಾಗ, ಯಂತ್ರವೂ ನಮ್ಮಂತೆ ಮಾತನಾಡುತ್ತದಲ್ಲ ಎಂದು ನಾವೆಲ್ಲ ಬೆರಗಾದೆವು. ಆದರೆ ಈ ಬೆರಗು ಹೊಸದೇನಲ್ಲ.

1966ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಜೋಸೆಫ್ ವೈಜೆನ್‌ಬಾಮ್ ಅವರು ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ನಾವು ಬೆರಳಚ್ಚು ಮಾಡಿದ ವಾಕ್ಯದಲ್ಲಿ ಮುಖ್ಯ ಪದವೊಂದನ್ನು ಹುಡುಕಿ, ನಮ್ಮ ಮಾತನ್ನೇ ತಿರುವಿಹಾಕಿ, ಮನೋವೈದ್ಯರಂತೆ ಮರುಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ತಾಯಿಯ ಹೆಸರೆತ್ತಿದರೆ ಮನೆಯವರ ವಿಷಯ ಹೇಳಿ ಎನ್ನುವುದು. ಅರ್ಥ ಮಾತ್ರ ಅದಕ್ಕೆ ಎಳ್ಳಷ್ಟೂ ತಿಳಿಯದು. ಆದರೂ, ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ನಾಲ್ಕು ಮಾತಾಡಿದ ಮೇಲೆ, ತಾವು ಸ್ವಲ್ಪ ಹೊರಗಿರಬೇಕೆಂದು ಅವರನ್ನು ಕೇಳಿಕೊಂಡರಂತೆ!

ವೈಜೆನ್‌ಬಾಮ್ ಬೆಚ್ಚಿಬಿದ್ದರು. 1936ರಲ್ಲಿ ಹಿಟ್ಲರನ ಜರ್ಮನಿಯನ್ನು ತೊರೆದು ಬಂದ ಯಹೂದಿ ಮನೆತನ ಅವರದು. ಯಂತ್ರಕ್ಕೆ ಸಾಧ್ಯವಾದರೂ ಅದಕ್ಕೆ ಒಪ್ಪಿಸಬಾರದ ಕೆಲಸಗಳಿವೆ. ಲೆಕ್ಕ ಬೇರೆ, ವಿವೇಕ ಬೇರೆ ಎಂದು 1976ರ ತಮ್ಮ ಗ್ರಂಥದಲ್ಲಿ ವಾದಿಸಿದರು. ‘ಕೃತಕ ಬುದ್ಧಿಮತ್ತೆ’ಗೆ ಇಂಗ್ಲಿಷಿನಲ್ಲಿ ಹೆಸರಿಟ್ಟ ಜಾನ್ ಮೆಕಾರ್ಥಿಯವರು, ಇದು ಬರಿಯ ನೀತಿಬೋಧೆಯೆಂದು ಕಟುವಾಗಿ ಟೀಕಿಸಿದರು. ಆ ವಾದ ಇಂದಿಗೂ ಮುಗಿದಿಲ್ಲ.

ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಾವು ವೈಜೆನ್‌ಬಾಮರ ಪಕ್ಷದವರು. ಪಿಂಚಣಿಯ ಲೆಕ್ಕವನ್ನು ಯಂತ್ರ ಹಾಕಲಿ, ಸಂತೋಷ. ಆದರೆ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಅಜ್ಜಿಯಿಲ್ಲ, ಸೋದರಮಾವನಿಲ್ಲ. ಮಗುವಿಗೆ ಬೇಸರವಾದ ಸಂಜೆ ಅದು ಯಂತ್ರದ ಮುಂದೆ ಕೂಡುವ ಮೊದಲು, ‘ಏನಾಯಿತು ಮರಿ?’ ಎಂದು ನಾವೇ ಕೇಳೋಣ.