ಸಿಪಾಯಿಯ ಸೊಂಟದ ಗುದ್ದಲಿ

ಹೋದ ವಾರದ ಮಳೆಗೆ ಹೊಲದ ಬದು ಕುಸಿದಿತ್ತು, ಸರಿ ಮಾಡ್ತಾ ಇದ್ದೆ. ಮಿಲಿಟರಿಯಿಂದ ರಜಕ್ಕೆ ಬಂದಿರೋ ನಮ್ಮೂರಿನ ಹುಡುಗನೊಬ್ಬ ಬಂದು ನಿಂತ. "ಚಿಕ್ಕಪ್ಪ, ನಮಗೂ ಅಲ್ಲಿ ಇದೇ ಕೆಲಸ, ಗುಂಡಿ ತೋಡೋದು" ಅಂದ. ತಮಾಷೆ ಅಂದುಕೊಂಡೆ. ತಮಾಷೆ ಅಲ್ಲವಂತೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ಚರಿತ್ರೆಯಲ್ಲಿ ಕತ್ತಿ, ಕೋವಿ, ಫಿರಂಗಿ ಎಲ್ಲಾ ಬಂದವು. ಗುದ್ದಲಿ ಮಾತ್ರ ಎಲ್ಲೂ ಬರಲಿಲ್ಲ. ಅದಕ್ಕೇ ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳ್ತೀನಿ.

ಇದು ಹೊಸದೇನಲ್ಲ. ಸುಮಾರು 2000 ವರ್ಷದ ಹಿಂದೆ ರೋಮ್ ಸೈನಿಕರ ಹತ್ತಿರ ದೊಲಾಬ್ರ ಅನ್ನೋ ಸಲಕರಣೆ ಇತ್ತು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಪಿಕಾಸಿ. ಶತ್ರುಗಳ ನಾಡಿನಲ್ಲಿ ಬೀಡು ಬಿಟ್ಟರೆ ಮೊದಲು ಸುತ್ತ ಕಂದಕ ತೋಡಿ, ಅದೇ ಮಣ್ಣನ್ನು ಒಳಗಡೆ ಏರಿ ಹಾಕಿ, ಆಮೇಲೆ ಮಲಗೋದು.

ಮುಂದೆ ತೋಡೋ ಕೆಲಸಕ್ಕೆ ಬೇರೆ ಪಡೆಗಳೇ ಆದವು. ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಇದೆಯಲ್ಲ, ಅದರ ಮೂಲ 1780ರಲ್ಲಿ ಕಟ್ಟಿದ ಮದ್ರಾಸ್ ಪಯೋನಿಯರ್ಸ್. ಹೈದರಾಲಿ ಮೇಲೆ ಕಂಪನಿಯವರು ಯುದ್ಧ ಮಾಡುತ್ತಿದ್ದ ಕಾಲ ಅದು. ದಾರಿ ಮಾಡೋದು, ಕಂದಕ ತೋಡೋದು ಅಂಥವರ ಪಾಲು. ಕೋವಿ ಹಿಡಿದ ಸಾಮಾನ್ಯ ಸಿಪಾಯಿ ನಿಂತುಕೊಂಡೇ ಗುಂಡು ಹಾರಿಸುತ್ತಿದ್ದ.

ಆದರೆ 1860ರ ಹೊತ್ತಿಗೆ ದೂರಕ್ಕೆ, ಬೇಗಬೇಗ ಗುಂಡು ಹಾರಿಸೋ ರೈಫಲ್ಲುಗಳು ಬಂದವು. ಬಯಲಲ್ಲಿ ನಿಂತವನು ಉಳಿಯೋದು ಕಷ್ಟವಾಯ್ತು. 1869ರಲ್ಲಿ ಡೆನ್ಮಾರ್ಕಿನ ಲಿನ್ನೆಮನ್ ಅನ್ನೋ ಸೇನಾಧಿಕಾರಿ, ಒಬ್ಬೊಬ್ಬ ಸಿಪಾಯಿಯೂ ಸೊಂಟಕ್ಕೆ ಕಟ್ಟಿಕೊಳ್ಳುವಂಥ ಪುಟ್ಟ ಸಲಿಕೆಗೆ ಪೇಟೆಂಟ್ ಪಡೆದ. ಅಲಗಿನ ಒಂದು ಅಂಚು ಹರಿತ, ಇನ್ನೊಂದು ಅಂಚಿಗೆ ಗರಗಸದ ಹಲ್ಲು. ಕಾವು ಮೊಳದುದ್ದವೂ ಇಲ್ಲ. ಯಾಕೆ ಅಂದ್ರೆ ನಮ್ಮ ಹಾಗೆ ನಿಂತು ತೋಡೋ ಹಾಗಿಲ್ಲ. ಹೊಟ್ಟೆ ಮೇಲೆ ಮಲಗಿ, ಪಕ್ಕದಲ್ಲಿ ಕೆರೆದು, ಮಣ್ಣನ್ನು ತಲೆಯ ಮುಂದೆ ಗುಡ್ಡೆ ಹಾಕಿ, ಆ ಮರೆಯಲ್ಲಿ ಮುಂದಿನದು ತೋಡಬೇಕು.

ಇದು ಎಷ್ಟು ಮುಖ್ಯ ಅನ್ನೋದು 1877ರಲ್ಲಿ ಪ್ಲೆವ್ನಾದಲ್ಲಿ ಗೊತ್ತಾಯ್ತು. ಆ ಊರು ಈಗ ಬಲ್ಗೇರಿಯಾದಲ್ಲಿದೆ. ತುರ್ಕರ ಸೇನಾಪತಿ ಉಸ್ಮಾನ್ ಪಾಷಾ ಅಲ್ಲಿಗೆ ಬಂದವನೇ ಸುತ್ತ ಕಂದಕ ತೋಡಿಸಿ ಮಣ್ಣಿನ ಕೋಟೆ ಎಬ್ಬಿಸಿದ. ರಷ್ಯಾದವರು ಮೂರು ಸಲ ಮೇಲೆ ಬಿದ್ದರು, ಮೂರು ಸಲವೂ ಸಾವಿರಾರು ಜನ ಸತ್ತರು, ಇಲ್ಲವೇ ಗಾಯಗೊಂಡರು. ಸೆಪ್ಟೆಂಬರ್ 11ರಂದು ಸ್ಕೊಬೆಲೆವ್ ಅನ್ನೋ ಸೇನಾಪತಿಯ ಜನ ಎರಡು ಕೋಟೆ ಹಿಡಿದೂಬಿಟ್ಟರು. ಹಿಡಿದದ್ದನ್ನು ಉಳಿಸಿಕೊಳ್ಳೋಕೆ ಮರೆ ಬೇಕಲ್ಲ? ತೋಡೋ ಸಲಕರಣೆ ಸಾಲದು. ಬಂದೂಕಿನ ಬಾಕು, ಊಟದ ಡಬ್ಬಿಯ ಮುಚ್ಚಳ, ಕೊನೆಗೆ ಬರಿಗೈಯಲ್ಲಿ ನೆಲ ಕೆರೆದರು. ಸಹಾಯಕ್ಕೆ ಬೇರೆ ಪಡೆಯೂ ಬರಲಿಲ್ಲ. ಮಾರನೇ ದಿನ ಎರಡೂ ಕೋಟೆ ಕೈಬಿಟ್ಟವು. ಪ್ಲೆವ್ನಾ ಶರಣಾಗಿದ್ದು ಡಿಸೆಂಬರ್ 10ಕ್ಕೆ, ಅದೂ ಸುತ್ತ ಮುತ್ತಿಗೆ ಹಾಕಿ ಉಪವಾಸ ಕೆಡವಿದ ಮೇಲೆ.

ಡಬ್ಬಿಯ ಮುಚ್ಚಳ ಅಂತ ಓದಿದಾಗ ನನಗೆ ಮೈ ಜುಂ ಅಂತು. ಇಪ್ಪತ್ತರ ವಯಸ್ಸಲ್ಲಿ ಒಂದು ರಾತ್ರಿ ಜೋರು ಮಳೆಗೆ ನಾನು, ಅಪ್ಪ ಹೊಲಕ್ಕೆ ಓಡಿದ್ವಿ. ಗುದ್ದಲಿ ತಗೋ ಅಂದಿದ್ದರು. ಭಾರ ಯಾಕೆ ಅಂತ ನಾನು ಬರೀ ಟಾರ್ಚ್ ಹಿಡಿದು ಹೋಗಿದ್ದೆ. ಬದು ಒಂದು ಗೇಣು ಬಿರುಕು ಬಿಟ್ಟಿತ್ತು. ಎರಡು ಗುದ್ದಲಿ ಮಣ್ಣು ಹಾಕಿದ್ರೆ ನಿಲ್ಲುತ್ತಿತ್ತು. ಗುಡಿಸಲಲ್ಲಿದ್ದ ಬುತ್ತಿ ಡಬ್ಬಿಯ ಮುಚ್ಚಳದಲ್ಲಿ ಇಬ್ಬರೂ ಕೆಸರು ಬಾಚಿದ್ವಿ. ನಾನು ಮನೆಗೆ ಓಡಿ ಗುದ್ದಲಿ ತರೋ ಹೊತ್ತಿಗೆ ಬದು ಒಡೆದು, ಅರ್ಧ ಎಕರೆಯ ಮೇಲ್ಮಣ್ಣು ಹಳ್ಳ ಸೇರಿತ್ತು. ಅಪ್ಪ ಬೈಯಲಿಲ್ಲ. ಮಾರನೇ ದಿನ ಜಾಲಿ ಮರದ ಹೊಸ ಕಾವು ಹಾಕಿಸಿ ಗುದ್ದಲಿಯನ್ನು ನನ್ನ ಕೈಗೆ ಕೊಟ್ಟರು. ನನಗೆ ಹೋದದ್ದು ಮಣ್ಣು, ಆ ರಷ್ಯಾದ ಹುಡುಗರಿಗೆ ಜೀವವೇ ಹೋಯ್ತು. ಅವರಲ್ಲಿ ಎಷ್ಟೋ ಜನ ನಮ್ಮಂಥ ಒಕ್ಕಲು ಮಕ್ಕಳೇ.

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸಿಪಾಯಿಗೆ 1908ರ ಮಾದರಿಯ ಸಲಕರಣೆ ಬಂದಿತ್ತು. ತಲೆಯ ಒಂದು ಕಡೆ ನಮ್ಮ ಗುದ್ದಲಿಯಂಥ ಎಲೆ, ಇನ್ನೊಂದು ಕಡೆ ಪಿಕಾಸಿಯ ಮೂತಿ, ನಡುವೆ ಕಾವಿನ ಕಣ್ಣು. ತಲೆ ಬೆನ್ನ ಹಿಂದೆ ಚೀಲದಲ್ಲಿ, ಕಾವು ಬಾಕುವಿನ ಒರೆಯ ಪಕ್ಕದಲ್ಲಿ. ಎರಡನೇ ಮಹಾಯುದ್ಧದಲ್ಲೂ ಇದನ್ನೇ ಮತ್ತೆ ತಂದರು. ಕಾವಿನ ತುದಿಗೆ ಬಾಕು ಸಿಕ್ಕಿಸಿ, ನೆಲದೊಳಗಿನ ಸಿಡಿಮದ್ದು ಹುಡುಕೋ ಹಾಗೆ ಆಮೇಲೆ ತಿದ್ದಿದರು.

ಕೆನಡಾದವರದು ಬೇರೆ ಕಥೆ. ಅವರ ಮಂತ್ರಿ ಸ್ಯಾಮ್ ಹ್ಯೂಸ್ 1914ರಲ್ಲಿ 25,000 ಸಲಿಕೆ ತರಿಸಿದ. ಅಲಗಿನಲ್ಲಿ ತೂತು! ಸಲಿಕೆಯನ್ನೇ ಗುರಾಣಿ ಹಾಗೆ ನಿಲ್ಲಿಸಿ ತೂತಿನಿಂದ ಗುಂಡು ಹಾರಿಸಬೇಕಂತೆ. ಗುಂಡೂ ತಡೆಯಲಿಲ್ಲ, ತೂತಿನ ಸಲಿಕೆಯಲ್ಲಿ ಮಣ್ಣೂ ನಿಲ್ಲಲಿಲ್ಲ, ಮೇಲೆ ಭಾರ ಬೇರೆ. ಕೊನೆಗೆ ಗುಜರಿಗೆ ಹೋದವು. ಮಣ್ಣು ಎತ್ತಿದ ಒಬ್ಬನನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದ.

ರಷ್ಯಾದವರು ಮಾತ್ರ ಪಾಠ ಕಲಿತರು. ಅವರ ಪುಟ್ಟ ಸಲಿಕೆ 50 ಸೆಂಟಿಮೀಟರ್ ಉದ್ದ, ಅಲಗು 15 ಸೆಂಟಿಮೀಟರ್ ಅಗಲ. ಅದನ್ನೇ ಅಳತೆಗೋಲಾಗಿಯೂ ಬಳಸುತ್ತಾರೆ. ಅದು ಇವತ್ತಿಗೂ ಚಾಲ್ತಿಯಲ್ಲಿದೆ. ಕೈಗೆ ಕೈ ಸೇರಿದ ಹೊಡೆದಾಟದಲ್ಲಿ ಇಂಥ ಸಲಿಕೆಗಳಿಂದ ಹೊಡೆದು ಕೊಂದದ್ದೂ ಉಂಟು, ಅದನ್ನು ಮುಚ್ಚಿಡಲ್ಲ. ಆದರೆ ಸಿಪಾಯಿಗೆ ಅದನ್ನು ಕೊಟ್ಟಿದ್ದು ಬದುಕಿ ಉಳಿಯಲಿ ಅಂತ.

ಹುಡುಗ ನಾಡಿದ್ದು ರೈಲು ಹತ್ತುತ್ತಾನೆ. "ಭಾರ ಅಂತ ಎಲ್ಲೂ ಬಿಟ್ಟು ಹೋಗಬೇಡಪ್ಪ" ಅಂತ ಹೇಳಿದೆ. ನಕ್ಕ.

ನೀವೂ ನೋಡಿಕೊಳ್ಳಿ, ಮಳೆ ಶುರುವಾಗಿದೆ. ಗುದ್ದಲಿ ಕಾವು ಸಡಿಲ ಇದ್ರೆ ಇವತ್ತೇ ಬೆಣೆ ಬಡೀರಿ. ರಾತ್ರಿ ಹೊಲಕ್ಕೆ ಹೋಗುವಾಗ ಟಾರ್ಚ್ ಜೊತೆ ಅದೂ ಹೆಗಲ ಮೇಲಿರಲಿ.