ಬೈರಿಯೂ ಗಿಡುಗದ ಬೇಟೆಗಾರರೂ

ಗಿಡುಗ, ಡೇಗೆ, ಸಾಳುವ, ಬೈರಿ ಎಂಬ ಶಬ್ದಗಳು ಕನ್ನಡ ನಿಘಂಟುಗಳಲ್ಲಿ ಇಂದಿಗೂ ಉಳಿದಿವೆ. ಆ ಹಕ್ಕಿಗಳನ್ನು ಮುಂಗೈಯ ಮೇಲೆ ಹೊತ್ತು ಬೇಟೆಗೆ ಹೊರಡುತ್ತಿದ್ದವರು ಮಾತ್ರ ಉಳಿದಿಲ್ಲ. ವಿಜಯನಗರದ ಸಿಂಹಾಸನವನ್ನೇರಿದ ಒಂದು ವಂಶವು ಬೇಟೆಯ ಗಿಡುಗವೆಂಬ ಅರ್ಥವುಳ್ಳ ಸಾಳುವವೆಂಬ ಶಬ್ದವನ್ನೇ ತನ್ನ ಹೆಸರಾಗಿ ಧರಿಸಿತ್ತು. ಅದಕ್ಕೂ ಮೂರು ಶತಮಾನಗಳ ಹಿಂದೆ, 1126ರಿಂದ 1138ರ ವರೆಗೆ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಶ್ಯೇನವಿನೋದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದನು. ಕುಮಾವೂನಿನ ಅರಸನಾದ ರುದ್ರದೇವನ ಶ್ಯೈನಿಕಶಾಸ್ತ್ರವನ್ನು ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಕಲಕತ್ತೆಯಲ್ಲಿ ಪ್ರಕಟಿಸಿದರು. ಯೂರೋಪಿನಲ್ಲಿ 13ನೆಯ ಶತಮಾನದ ಚಕ್ರವರ್ತಿ ಎರಡನೆಯ ಫ್ರೆಡರಿಕನು ಇದೇ ವಿಷಯವಾಗಿ ಲ್ಯಾಟಿನ್ ಭಾಷೆಯಲ್ಲಿ ಬೃಹದ್ಗ್ರಂಥವೊಂದನ್ನು ರಚಿಸಿದನು. ಹೀಗೆ ಅರಸರ ವಿನೋದವೆನಿಸಿಕೊಂಡ ವಿದ್ಯೆಯು, ಬಂದೂಕು ಬಳಕೆಗೆ ಬಂದ ತರುವಾಯ, ಕೆಲವು ಹವ್ಯಾಸಿಗಳ ಹುಚ್ಚೆಂಬಂತೆ ಮೂಲೆ ಸೇರಿತು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇಟೆಯ ಹಕ್ಕಿಯೇ ನಾಡುನಾಡುಗಳಿಂದ ಅಳಿಯುವ ಕಾಲವು ಬಂದಾಗ, ಅದನ್ನು ಮರಳಿ ತರುವ ಉಪಾಯವು ದೊರೆತುದು ಈ ಮೂಲೆ ಸೇರಿದ ವಿದ್ಯೆಯಿಂದಲೇ.

ಆ ಹಕ್ಕಿ ಯಾವುದೆಂದರೆ, ಹಿಂದೂಸ್ಥಾನದ ಬೇಟೆಗಾರರು ಬಹರಿಯೆಂದು ಕರೆದ, ಕನ್ನಡದಲ್ಲಿ ಬೈರಿಯಾದ, ಇಂಗ್ಲೀಷಿನವರ ಪೆರಿಗ್ರಿನ್. ಗಾತ್ರದಲ್ಲಿ ಕಾಗೆಗಿಂತ ಬಹಳ ದೊಡ್ಡದಲ್ಲ. ಆದರೆ ಆಕಾಶದ ಎತ್ತರದಿಂದ ರೆಕ್ಕೆ ಮಡಿಚಿ ಬೇಟೆಯ ಮೇಲೆ ಎರಗುವಾಗ ಅದರ ವೇಗವು ಗಂಟೆಗೆ 300 ಕಿಲೋಮೀಟರಿಗೂ ಮಿಗಿಲು; ಜೀವಕೋಟಿಯಲ್ಲಿ ಅದನ್ನು ಮೀರಿಸುವ ಪ್ರಾಣಿ ಇನ್ನೊಂದಿಲ್ಲ. ಅಂಟಾರ್ಕ್ಟಿಕವೊಂದನ್ನುಳಿದು ಎಲ್ಲ ಖಂಡಗಳಲ್ಲಿಯೂ ಅದು ವಾಸಿಸುವುದು. ಶಾಹೀನ್ ಎಂಬ ಅದರ ಒಂದು ಪ್ರಭೇದವು ದಕ್ಷಿಣ ಭಾರತದ ಬೆಟ್ಟಗಳಲ್ಲಿಯೂ ಮರಿ ಮಾಡುವುದು. ಬೈರಿಯು ಗೂಡು ಕಟ್ಟುವುದಿಲ್ಲ. ಕಡಿದಾದ ಬಂಡೆಯ ಚಾಚಿನ ಮೇಲೆ ನೆಲವನ್ನಿಷ್ಟು ಕೆರೆದು ಮೂರು ನಾಲ್ಕು ಮೊಟ್ಟೆಗಳನ್ನಿಡುವುದು. ಒಂದು ಬಂಡೆಯನ್ನು ಆರಿಸಿಕೊಂಡರೆ ಅದರ ಸಂತತಿಯವೂ ಪರಜೋಡಿಗಳೂ ತಲೆಮಾರುಗಳ ಕಾಲ ಅದೇ ಬಂಡೆಗೆ ಬರುತ್ತಿರುವುದುಂಟು. ಆದುದರಿಂದಲೇ ಅದು ಬಾರದೆ ಹೋದ ವರ್ಷವನ್ನು ಗುರುತಿಸುವುದು ಸುಲಭ.

ಹೀಗೆ ಗುರುತಿಸಿದ ಸಂಗತಿಯು ಮೊದಲು ಬ್ರಿಟನ್ನಿನಲ್ಲಿ ವಿಪರೀತವಾದ ರೀತಿಯಿಂದ ಬೆಳಕಿಗೆ ಬಂದಿತು. 1960ರ ಸುಮಾರಿಗೆ ಅಲ್ಲಿಯ ಪಂದ್ಯದ ಪಾರಿವಾಳಗಳನ್ನು ಸಾಕುವವರು, ಬೈರಿಗಳು ಅತಿಯಾಗಿ ಹೆಚ್ಚಿ ತಮ್ಮ ಹಕ್ಕಿಗಳನ್ನು ತಿಂದುಹಾಕುತ್ತಿವೆ, ಅವುಗಳಿಗಿರುವ ಕಾನೂನಿನ ರಕ್ಷಣೆಯನ್ನು ತೆಗೆಯಬೇಕು ಎಂದು ಸರ್ಕಾರಕ್ಕೆ ಮೊರೆಯಿಟ್ಟರು. ವಿಚಾರಣೆಯ ಭಾರವು ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿದ್ವಾಂಸರ ಮೇಲೆ ಬಿದ್ದಿತು. 1961 ಮತ್ತು 1962ರಲ್ಲಿ ಬಂಡೆಬಂಡೆಯನ್ನೂ ಹುಡುಕಿಸಿದಾಗ ಕಂಡುದು ದೂರಿಗೆ ಕೇವಲ ವಿರುದ್ಧವಾದ ಸ್ಥಿತಿ. ದಕ್ಷಿಣ ಇಂಗ್ಲೆಂಡಿನಲ್ಲಿ ಬೈರಿಯು ಬಹುಮಟ್ಟಿಗೆ ನಿರ್ಮೂಲವಾಗಿತ್ತು. ಉಳಿದೆಡೆಗಳಲ್ಲಿ ಜೋಡಿಗಳಿದ್ದರೂ ಮರಿಗಳಿರಲಿಲ್ಲ. ಎಷ್ಟೋ ಕಡೆ ಮೊಟ್ಟೆಗಳು ತಾಯಿಯ ಮೈಯಡಿಯಲ್ಲಿಯೇ ಒಡೆದಿದ್ದವು. ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಯ ಚಿಪ್ಪುಗಳನ್ನು ತೂಗಿ ಅಳೆದು ನೋಡಿ, 1947ರ ಸುಮಾರಿನಿಂದ ಚಿಪ್ಪು ತೆಳುವಾಗುತ್ತ ಬಂದಿದೆಯೆಂದು ರ‍್ಯಾಟ್‌ಕ್ಲಿಫ್ ಅವರು 1967ರಲ್ಲಿ ಪ್ರಕಟಿಸಿದರು. ಮಾರನೆಯ ವರ್ಷವೇ ಅಮೇರಿಕದಲ್ಲಿ ಜೋಸೆಫ್ ಹಿಕ್ಕಿ ಮತ್ತು ಡೇನಿಯಲ್ ಆಂಡರ್ಸನ್ ಅವರಿಗೂ ಅದೇ ಫಲವು ದೊರೆಯಿತು. ಕಾರಣವು ಡಿ.ಡಿ.ಟಿ. ಮಲೆನಾಡಿನ ಮನೆಗಳ ಗೋಡೆಗಳಿಗೆ ಸಿಂಪಡಿಸಿದಾಗ ಚಳಿಜ್ವರವನ್ನಡಗಿಸಿ ಸಾವಿರಾರು ಸಂಸಾರಗಳನ್ನುಳಿಸಿದ ಪುಡಿಯೇ ಹೊಲಗದ್ದೆಗಳ ಮೇಲೆ ಎಗ್ಗಿಲ್ಲದೆ ಸುರಿದಾಗ ಹುಳುವಿನಿಂದ ಸಣ್ಣ ಹಕ್ಕಿಗೂ, ಸಣ್ಣ ಹಕ್ಕಿಯಿಂದ ಬೈರಿಗೂ ಏರಿ, ಅದರ ಮೈಯಲ್ಲಿ ಸಂಚಿತವಾಗಿ, ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ತಡೆಯುತ್ತಿತ್ತು.

ಅಮೇರಿಕದ ಸ್ಥಿತಿಯು ಇನ್ನೂ ಘೋರವಾಗಿತ್ತು. 1964ರಲ್ಲಿ ಆ ದೇಶದ ಪೂರ್ವಭಾಗದಲ್ಲಿ ಬೈರಿಯ ನೆಲೆಗಳೆಂದು ಹಿಂದಿನಿಂದ ತಿಳಿದಿದ್ದ 133 ಬಂಡೆಗಳನ್ನು ನೋಡಿಬಂದವರಿಗೆ ಒಂದು ಹಕ್ಕಿಯೂ ಕಾಣಲಿಲ್ಲ. ಹಿಕ್ಕಿಯವರು 1965ರಲ್ಲಿ ಮ್ಯಾಡಿಸನ್ ಪಟ್ಟಣದಲ್ಲಿ ದೇಶದೇಶಗಳ ತಜ್ಞರನ್ನು ಕೂಡಿಸಿದಾಗ, ಪಕ್ಷಿಶಾಸ್ತ್ರಜ್ಞರ ಜೊತೆಯಲ್ಲಿ ಗಿಡುಗದ ಬೇಟೆಗಾರರೂ ಬಂದು ಕುಳಿತರು. ಬಂಡೆಗಳನ್ನು ವರ್ಷವರ್ಷವೂ ಹತ್ತಿ ಇಳಿದವರು ಅವರೇ ಆಗಿದ್ದುದರಿಂದ ನಷ್ಟದ ಪ್ರಮಾಣವು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಅವರಲ್ಲಿ ಮುಖ್ಯರು ಟಾಮ್ ಕೇಡ್ ಅವರು. 1928ರಲ್ಲಿ ಹುಟ್ಟಿದ ಇವರು ಹುಡುಗತನದಿಂದಲೂ ಗಿಡುಗಗಳನ್ನು ಪಳಗಿಸಿದವರು. ಮುಂದೆ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1970ರಲ್ಲಿ ಅವರು ಪೆರಿಗ್ರಿನ್ ಫಂಡ್ ಎಂಬ ಸಂಸ್ಥೆಯನ್ನು ಕಟ್ಟಿ, ಬೈರಿಯನ್ನು ಪಂಜರದಲ್ಲಿ ಮರಿಮಾಡಿಸಿ ಬಂಡೆಗೆ ಬಿಡುವ ಸಂಕಲ್ಪವನ್ನು ಮಾಡಿದರು. ಸಂಕಲ್ಪವು ಸುಲಭ, ಸಾಧನೆಯು ಸುಲಭವಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯನ ಕೈಯ ಮೇಲೆ ಕುಳಿತರೂ ಬೈರಿಯು ಕೋಳಿಯಂತೆ ಮನೆಯ ಪ್ರಾಣಿಯಾದುದಿಲ್ಲ. ಬೇಟೆಗಾರರು ಪ್ರತಿ ತಲೆಮಾರಿನಲ್ಲಿಯೂ ಕಾಡಿನಿಂದಲೇ ಹೊಸ ಹಕ್ಕಿಯನ್ನು ತರಬೇಕಾಗುತ್ತಿತ್ತು. 1940ರ ದಶಕದಲ್ಲಿ ಜರ್ಮನಿಯ ರೆನ್ಸ್ ವಾಲರ್ ಎಂಬ ಬೇಟೆಗಾರರೊಬ್ಬರು ಸೆರೆಯಲ್ಲಿ ಮರಿ ಪಡೆದುದು ವಿರಳವಾದ ಉದಾಹರಣೆ.

ಕೇಡ್ ಅವರ ಕರೆಗೆ ಓಗೊಟ್ಟು ಬೇಟೆಗಾರರು ತಮ್ಮ ಹಕ್ಕಿಗಳನ್ನು ಕೊಟ್ಟರು. ವರ್ಷಗಟ್ಟಲೆ ದಿನಬೆಳಗಾದರೆ ಕೈಯಾರೆ ಉಣಿಸಿ, ಕಣ್ಣು ಮುಚ್ಚುವ ಚರ್ಮದ ಕುಲಾವಿಯನ್ನು ತೊಡಿಸಿ, ಬೀಸಿದ ಆಮಿಷಕ್ಕೆ ಮುಗಿಲಿನಿಂದ ಇಳಿದು ಬರುವಂತೆ ಕಲಿಸಿದ ಹಕ್ಕಿಯನ್ನು ಮತ್ತೊಬ್ಬರ ಕೊಟ್ಟಿಗೆಗೆ ಒಪ್ಪಿಸುವುದೆಂದರೆ ಎಂಥದೆಂಬುದನ್ನು ಹಸುಕರು ಸಾಕಿದವರು ಊಹಿಸಬಲ್ಲರು. ನ್ಯೂ ಪಾಲ್ಟ್ಸ್ ಪಟ್ಟಣದ ಪ್ರಾಧ್ಯಾಪಕ ಹೈನ್ಸ್ ಮೆಂಗ್ ಅವರು, ಮರಿಗಳನ್ನು ಪಡೆಯುವುದರಲ್ಲಿ ಕಾರ್ನೆಲ್ಲಿನವರಿಗಿಂತ ಮುಂದಾಗಿದ್ದರೂ, ತಮ್ಮ ಜೋಡಿಯನ್ನೇ ಅಲ್ಲಿಗೆ ಕಳುಹಿಸಿದರು. 1973ರಲ್ಲಿ ಮೂರು ಜೋಡಿಗಳಿಂದ 20 ಮರಿಗಳು ಬೆಳೆದವು. ಮೂರು ನಾಲ್ಕು ಮೊಟ್ಟೆಯಿಡುವ ಹಕ್ಕಿಯಿಂದ ಇಷ್ಟೊಂದು ಮರಿಗಳು ಹೇಗೆಂದರೆ, ಮೊದಲ ಮೊಟ್ಟೆಗಳನ್ನು ತೆಗೆದರೆ ಎರಡು ವಾರಗಳ ಮೇಲೆ ಬೈರಿಯು ಪುನಃ ಮೊಟ್ಟೆಯಿಡುವುದು. ತೆಗೆದವುಗಳಿಗೆ ಯಂತ್ರದಲ್ಲಿ ಕಾವು ಕೊಡುವರು. ಮನುಷ್ಯನ ಕೈಯಲ್ಲಿಯೇ ಬೆಳೆದ ಗಂಡು ಗಿಡುಗವು ಪಾಲಕನನ್ನೇ ತನ್ನ ಜೋಡಿಯೆಂದು ಭ್ರಮಿಸುವುದೆಂಬುದನ್ನು ಬೇಟೆಗಾರರು ಬಲ್ಲರು. ವಾಷಿಂಗ್ಟನ್ ಸಂಸ್ಥಾನದ ಲೆಸ್ ಬಾಯ್ಡ್ ಅವರು ಈ ಭ್ರಮೆಯನ್ನೇ ಉಪಾಯವಾಗಿ ಮಾಡಿಕೊಂಡು, ವಿಶೇಷವಾದ ಟೋಪಿಯೊಂದನ್ನು ಧರಿಸಿ, ಅದರ ಮೇಲೆ ಬಂದು ಕುಳಿತ ಗಂಡಿನಿಂದ ಬೀಜವನ್ನು ಸಂಗ್ರಹಿಸಿ ಹೆಣ್ಣಿಗೆ ಸೇರಿಸುವ ಕ್ರಮವನ್ನು ರೂಢಿಸಿದರು. ನೋಡುವವರಿಗೆ ನಗೆ ಬರುವ ಕೆಲಸ. ಜೋಡಿಯಾಗಲೊಲ್ಲದ ಹಕ್ಕಿಗಳ ಸಂತಾನವು ಉಳಿದುದು ಅದರಿಂದ.

ಮರಿಗಳಾದರೆ ಸಾಲದು. ತಂದೆತಾಯಿಗಳಿಲ್ಲದೆ ಪೆಟ್ಟಿಗೆಯಲ್ಲಿ ಬೆಳೆದ ಹಕ್ಕಿಗೆ ಹಾರಲು, ಬೇಟೆಯಾಡಲು ಕಲಿಸುವವರಾರು? ಈ ಪ್ರಶ್ನೆಗೆ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ, ಬೇಟೆಗಾರರ ರೂಢಿಯಲ್ಲಿತ್ತು. ಅದನ್ನು ಇಂಗ್ಲೀಷಿನಲ್ಲಿ ‘ಹ್ಯಾಕ್’ ಎನ್ನುವರು. ಬಂಡೆಯಿಂದ ತಂದ ಮರಿಯನ್ನು ಬೇಟೆಗಾರನು ಕೂಡಲೇ ಕಟ್ಟಿಹಾಕುತ್ತಿರಲಿಲ್ಲ. ಎತ್ತರವಾದ ಸ್ಥಳದಲ್ಲಿ ಇರಿಸಿ, ಗೊತ್ತಾದ ಹೊತ್ತಿಗೆ ಗೊತ್ತಾದ ಹಲಗೆಯ ಮೇಲೆ ಮಾಂಸವನ್ನಿಟ್ಟು, ಕೆಲವು ವಾರಗಳ ಕಾಲ ಮನಬಂದಂತೆ ಹಾರಾಡಲು ಬಿಡುತ್ತಿದ್ದನು. ಅದರ ರೆಕ್ಕೆ ಬಲಿತು, ತಾನಾಗಿ ಬೇಟೆಯಾಡಲು ತೊಡಗಿ, ಹಲಗೆಗೆ ಬರುವುದನ್ನು ಬಿಡುವ ಮುನ್ನ ಹಿಡಿದು ಕಾಲಿಗೆ ಬಾರನ್ನು ಕಟ್ಟುತ್ತಿದ್ದನು. ಬೈರಿಗೆ ಬೇಟೆಯನ್ನು ಯಾರೂ ಕಲಿಸಬೇಕಾಗಿಲ್ಲ, ಕಲಿಯುವ ತನಕ ಹೊಟ್ಟೆಗೆ ಹಾಕಿದರೆ ಸಾಕು ಎಂಬ ರಹಸ್ಯವು ಇದರಲ್ಲಡಗಿತ್ತು. ಕೇಡ್ ಅವರ ಸಂಗಡಿಗರು ಮಾಡಿದ ಬದಲಾವಣೆಯು ಒಂದೇ: ಕೊನೆಯಲ್ಲಿ ಹಕ್ಕಿಯನ್ನು ಹಿಡಿಯಲಿಲ್ಲ.

ಕ್ರಮವು ಹೀಗಿತ್ತು. ಐದು ವಾರದ ಮರಿಗಳನ್ನು ಮುಂದೆ ಸರಳುಗಳುಳ್ಳ ಪೆಟ್ಟಿಗೆಯಲ್ಲಿಟ್ಟು ಬಂಡೆಯ ನೆತ್ತಿಗೋ ಗೋಪುರದ ತುದಿಗೋ ಒಯ್ಯುವರು. ಮನುಷ್ಯನ ಮುಖಕ್ಕೂ ಆಹಾರಕ್ಕೂ ಸಂಬಂಧವು ಅವುಗಳ ಮನಸ್ಸಿಗೆ ಹೊಳೆಯಬಾರದೆಂದು, ಸತ್ತ ಲಾವಕ್ಕಿಗಳನ್ನು ಹಿಂದಿನಿಂದ ಕೊಳವೆಯ ಮೂಲಕ ಜಾರಿಸುವರು. ಮರಿಗಳು ಸರಳುಗಳ ಸಂದಿನಿಂದ ಆ ಸ್ಥಳವನ್ನು ನೋಡಿ ನೋಡಿ ಮನಗಾಣುವುವು. ಸುಮಾರು ಆರು ವಾರಗಳಾದಾಗ ಬಾಗಿಲನ್ನು ತೆರೆಯುವರು. ಆಮೇಲೆಯೂ ಒಂದು ತಿಂಗಳು ಮೇಲ್ಪಟ್ಟು ಅನ್ನವು ಅಲ್ಲಿಯೇ ಸಿದ್ಧ. ಹೆಚ್ಚಾಗಿ ವಿದ್ಯಾರ್ಥಿಗಳೇ ಡೇರೆ ಹಾಕಿಕೊಂಡು, ಮಳೆ ನೊಣಗಳನ್ನು ಸಹಿಸಿಕೊಂಡು, ದೂರದಿಂದ ಕಾವಲಿರುತ್ತಿದ್ದರು.

ಮೊದಲ ಮರಿಗಳನ್ನು ಬಿಟ್ಟುದು 1974ರಲ್ಲಿ. ಹಳೆಯ ನದೀತೀರದ ಬಂಡೆಗಳಲ್ಲಿ ದೊಡ್ಡ ಕೊಂಬಿನ ಗೂಗೆಗಳು ರಾತ್ರಿ ಬಂದು ಮರಿಗಳನ್ನು ಕೊಂದುಹಾಕಿದವು. ಬೈರಿಯ ತಂದೆತಾಯಿಗಳಿದ್ದರೆ ಆ ಧೈರ್ಯವು ಗೂಗೆಗಿರುತ್ತಿರಲಿಲ್ಲ. ಆಗ ಸಮುದ್ರದಂಚಿನ ಜೌಗುನೆಲದಲ್ಲಿ ಮರದ ಗೋಪುರಗಳನ್ನೆತ್ತಿದರು. ಪಟ್ಟಣಗಳ ಎತ್ತರದ ಕಟ್ಟಡಗಳನ್ನೂ ಉಪಯೋಗಿಸಿದರು. ಪಟ್ಟಣದಲ್ಲಿ ಗೂಗೆಯಿಲ್ಲ, ಪಾರಿವಾಳಕ್ಕೆ ಕೊರತೆಯಿಲ್ಲ. 1977ರಲ್ಲಿ ಮೇರಿಲೆಂಡಿನಲ್ಲಿ ಬಿಟ್ಟ ಸ್ಕಾರ್ಲೆಟ್ ಎಂಬ ಹೆಣ್ಣು ಬಾಲ್ಟಿಮೋರ್ ನಗರದ ವಿಮಾಕಂಪೆನಿಯ ಸೌಧವೊಂದನ್ನು ತಾನಾಗಿಯೇ ಬಂಡೆಯೆಂದು ಆರಿಸಿಕೊಂಡು ಪೌರರ ಪ್ರೀತಿಗೆ ಪಾತ್ರವಾಯಿತು. 1980ರಲ್ಲಿ ನ್ಯೂಜೆರ್ಸಿಯ ಗೋಪುರಗಳಲ್ಲಿ, ಹೀಗೆ ಬಿಟ್ಟ ಹಕ್ಕಿಗಳೇ ಜೋಡಿಯಾಗಿ ಸ್ವತಂತ್ರವಾಗಿ ಮರಿಮಾಡಿದವು. ಇಪ್ಪತ್ತಮೂರು ವರ್ಷಗಳಲ್ಲಿ ಈ ಸಂಸ್ಥೆಯೊಂದೇ 4,000ಕ್ಕೂ ಹೆಚ್ಚು ಬೈರಿಗಳನ್ನು ಬಿಟ್ಟಿತು. 1975ರಲ್ಲಿ ಉತ್ತರ ಅಮೇರಿಕದಲ್ಲಿ ತಿಳಿದಿದ್ದ ಜೋಡಿಗಳು 324. 1999ರ ಆಗಸ್ಟಿನಲ್ಲಿ ಬೈರಿಯ ಹೆಸರನ್ನು ಅಪಾಯಕ್ಕೀಡಾದ ಜೀವಿಗಳ ಪಟ್ಟಿಯಿಂದ ತೆಗೆದಾಗ ಸಂಯುಕ್ತ ಸಂಸ್ಥಾನ ಕೆನಡಗಳಲ್ಲಿ ಕೂಡಿ 1,650 ಜೋಡಿಗಳಿದ್ದವು.

ಈ ಯಶಸ್ಸೆಲ್ಲವೂ ಬೇಟೆಗಾರರದೆಂದು ಹೇಳುವುದು ನ್ಯಾಯವಲ್ಲ. 1972ರಲ್ಲಿ ಅಮೇರಿಕದ ಸರ್ಕಾರವು ಡಿ.ಡಿ.ಟಿ.ಯನ್ನು ನಿಷೇಧಿಸದಿದ್ದರೆ ಬಿಟ್ಟ ಹಕ್ಕಿಗಳೂ ಒಡಕು ಮೊಟ್ಟೆಗಳನ್ನೇ ಇಡುತ್ತಿದ್ದವು. ಬ್ರಿಟನ್ನಿನಲ್ಲಿ ವಿಷವು ಕಡಿಮೆಯಾದೊಡನೆ ಬೈರಿಯು ಬಹುಪಾಲು ತಾನಾಗಿಯೇ ಚೇತರಿಸಿಕೊಂಡಿತು. ಪೂರ್ವ ಅಮೇರಿಕದಲ್ಲಿ ಬೀಜವೇ ಉಳಿದಿರಲಿಲ್ಲವಾದುದರಿಂದ ಅಲ್ಲಿ ಬಿತ್ತುವವರು ಬೇಕಾದರು. ಬಿತ್ತಿದ ಬೀಜವೂ ಅಲ್ಲಿಯದೇ ಅಲ್ಲ. ಸ್ಪೇನ್ ಮೊದಲಾದ ದೂರದೇಶಗಳ ಪ್ರಭೇದಗಳು ಅದರಲ್ಲಿ ಬೆರೆತಿದ್ದವು, ಅದನ್ನು ಆಕ್ಷೇಪಿಸಿದ ಪಂಡಿತರೂ ಇದ್ದರು. ಬೇಟೆಗಾರರಿಗೆ ಸ್ವಾರ್ಥವಿರಲಿಲ್ಲವೆಂದೂ ಅಲ್ಲ: ಹಕ್ಕಿಯು ಅಳಿದರೆ ಅವರ ವಿದ್ಯೆಯೂ ಅಳಿಯುತ್ತಿತ್ತು. ಅದೇ ವಿದ್ಯೆಯ ಮೋಹವು ಬೇರೆಡೆ ಕೇಡನ್ನೂ ಮಾಡಿದೆ. ಅರಬರಿಗೆ ಪ್ರಿಯವಾದ ಸೇಕರ್ ಎಂಬ ಗಿಡುಗವು 2012ರಲ್ಲಿ ವಿನಾಶದ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಲು, ಬೇಟೆಗೆಂದು ಮಧ್ಯ ಏಷ್ಯದಲ್ಲಿ ಅದನ್ನು ಬಲೆಯಲ್ಲಿ ಹಿಡಿದು ಮಾರುತ್ತಿದ್ದುದೂ ಒಂದು ಕಾರಣ. ಅಬುಧಾಬಿಯವರು ಮಂಗೋಲಿಯದ ಬಯಲಿನಲ್ಲಿ ಅದಕ್ಕಾಗಿ 5,000 ಕೃತಕ ಗೂಡುಗಳನ್ನು ನಿಲ್ಲಿಸಿದುದನ್ನು ಪ್ರಾಯಶ್ಚಿತ್ತವೆಂದರೆ ತಪ್ಪಾಗಲಾರದು.

ಕೇಡ್ ಅವರ ಉಪಾಯವು ಬೇರೆ ಜಾತಿಗಳಿಗೂ ಒದಗಿತು. ಮಾರಿಷಸ್ ದ್ವೀಪದಲ್ಲಿ 1974ರಲ್ಲಿ ಅಲ್ಲಿಯ ಚಾಣಗಳು ನಾಲ್ಕೇ ಕಾಣಿಸಿದ್ದವು. 1979ರಲ್ಲಿ ಅಲ್ಲಿಗೆ ಹೋದ ವೇಲ್ಸ್ ದೇಶದ ಕಾರ್ಲ್ ಜೋನ್ಸ್ ಅವರು, ಬಾಲ್ಯದಲ್ಲಿ ಹಿತ್ತಿಲಲ್ಲಿ ಚಾಣಗಳನ್ನು ಸಾಕಿದವರು, ಎರಡನೆಯ ಸಲ ಮೊಟ್ಟೆಯಿಡಿಸುವುದು, ಹ್ಯಾಕ್ ಮುಂತಾದ ಕ್ರಮಗಳಿಂದಲೇ ಅವನ್ನು ನೂರಾರಕ್ಕೇರಿಸಿದರು.

ಭಾರತದಲ್ಲಿ ಈ ವಿದ್ಯೆಯ ಗತಿ ಬೇರೆಯಾಯಿತು. ಭಾವನಗರದಂತಹ ಸಂಸ್ಥಾನಗಳಲ್ಲಿ ಅದು 20ನೆಯ ಶತಮಾನದ ಮಧ್ಯದ ವರೆಗೆ ಜೀವದಿಂದಿತ್ತು. ಸಂಸ್ಥಾನಗಳು ಹೋದುವು, 1972ರ ವನ್ಯಜೀವಿ ಕಾಯಿದೆಯು ಗಿಡುಗಗಳನ್ನು ಹಿಡಿಯುವುದನ್ನೂ ಮಾರುವುದನ್ನೂ ತಡೆಯಿತು. ತಡೆದುದು ಯುಕ್ತವೇ. ಆದರೆ ಮೊಗಲರ ಬೇಟೆಯ ಅಧಿಕಾರಿಯ ಬಿರುದನ್ನು ಹೊತ್ತ ಬಿಹಾರದ ಮೀರ್‌ಶಿಕಾರರ ಕೈಚಳಕವು ಪೂರ್ತಿಯಾಗಿ ವ್ಯರ್ಥವಾಗಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯು ತೋರಿದಾಗ, ರೋಗದ ಉಣುಗುಗಳನ್ನು ಉತ್ತರದೇಶದಿಂದ ವಲಸೆಯ ಹಕ್ಕಿಗಳು ಹೊತ್ತು ತಂದಿರಬಹುದೇ ಎಂಬ ಸಂಶಯದಿಂದ ವಿಶ್ವ ಆರೋಗ್ಯ ಸಂಸ್ಥೆಯು ಹಣವನ್ನೊದಗಿಸಿತು. ಸಾಲಿಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ದೊಡ್ಡದಾಗಿ ಕೈಕೊಂಡಾಗ, ಒಂದು ಗರಿಯೂ ಮುರಿಯದಂತೆ ಹಕ್ಕಿಯನ್ನು ಹಿಡಿದುಕೊಟ್ಟವರು ಈ ಮೀರ್‌ಶಿಕಾರರು. 2021ರಲ್ಲಿ ಯುನೆಸ್ಕೊ ಸಂಸ್ಥೆಯು ಗಿಡುಗದ ಬೇಟೆಯನ್ನು 24 ದೇಶಗಳ ಪರಂಪರೆಯೆಂದು ದಾಖಲಿಸಿದಾಗ ಮಾನಸೋಲ್ಲಾಸದ ದೇಶದ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಅಮೇರಿಕದ ಬೇಟೆಗಾರರು ಬೈರಿಗಾಗಿ ಕಟ್ಟಿದ ಸಂಸ್ಥೆಯು ಕೊನೆಗೆ ಈ ದೇಶದ ಹದ್ದುಗಳಿಗೂ ನೆರವಾಯಿತು. 1990ರ ದಶಕದಿಂದ ಭಾರತ ಪಾಕಿಸ್ತಾನಗಳಲ್ಲಿ ರಣಹದ್ದುಗಳು ಕಾರಣ ತಿಳಿಯದೆ ಸಾಯುತ್ತಿದ್ದವು. ಬೆನ್ನು ಬಿಳಿಯ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಳಿಯಿತು. ಪೆರಿಗ್ರಿನ್ ಫಂಡಿನ ವತಿಯಿಂದ ಪಾಕಿಸ್ತಾನದಲ್ಲಿ ಶೋಧನೆ ನಡೆಸಿದವರ ಮುಂದಾಳು ಲಿಂಡ್ಸೆ ಓಕ್ಸ್, ಪಶುವೈದ್ಯರು, ಸ್ವತಃ ಗಿಡುಗದ ಬೇಟೆಗಾರರು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡಗಳನ್ನು ಕೆಡಿಸುವುದೆಂದು ಅವರು 2004ರಲ್ಲಿ ಪ್ರಕಟಿಸಿದರು. 2006ರಲ್ಲಿ ಭಾರತ ಸರ್ಕಾರವು ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಹರಿಯಾಣದ ಪಿಂಜೋರಿನಲ್ಲಿ ರಣಹದ್ದುಗಳನ್ನು ಸೆರೆಯಲ್ಲಿ ಮರಿಮಾಡಿಸುವ ಕೇಂದ್ರವು ನಡೆಯುತ್ತಿದೆ. ಕರ್ನಾಟಕದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಅಲ್ಪಸಂಖ್ಯೆಯಲ್ಲಿ ಉಳಿದುಕೊಂಡಿದ್ದ ರಾಮನಗರದ ರಾಮದೇವರಬೆಟ್ಟದ ಬಂಡೆಗಳನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು.